ಇಸಬ್ಗೋಲ್, ಮೆಂತ್ಯ: ಕೊಬ್ಬಿನ ಹೀರಿಕೆ ತಗ್ಗಿಸಲು ಬಳಸುವುದು ಹೇಗೆ?

ತಿಂದ ಎಣ್ಣೆ, ತುಪ್ಪ ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನಲ್ಲಿ ಪಿತ್ತರಸ ಅದನ್ನು ಚಿಕ್ಕ ಹನಿಗಳಾಗಿ ಒಡೆಯಬೇಕು, ಲೈಪೇಸ್ ಎಂಬ ಕಿಣ್ವ ಅದನ್ನು ಜೀರ್ಣಿಸಬೇಕು. ಕೊಬ್ಬಿನ ಹೀರಿಕೆಗೆ ಸಸ್ಯಸಾರಗಳು ಅಡ್ಡಬರುವುದು ಹೆಚ್ಚಾಗಿ ಈ ಎರಡು ಕಡೆ. ನಿರೀಕ್ಷೆ ಮಾತ್ರ ಮಿತಿಯಲ್ಲಿರಲಿ: ಲೈಪೇಸನ್ನೇ ತಡೆಯುವ ಆರ್ಲಿಸ್ಟಾಟ್ ಔಷಧಿ ಕೂಡ ಆಹಾರದ ಕೊಬ್ಬಿನಲ್ಲಿ ಸುಮಾರು ಶೇ 30ರಷ್ಟನ್ನಷ್ಟೇ ತಡೆಯುತ್ತದೆ. ಅಡುಗೆಮನೆಯ ಪದಾರ್ಥಗಳಿಗೆ ಅಷ್ಟು ಬಲವಿಲ್ಲ.

ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು ಇಸಬ್ಗೋಲ್ ಹೊಟ್ಟು. ನೀರು ಹೀರಿ ಲೋಳೆಯಾಗುವ ಈ ನಾರು ಪಿತ್ತಾಮ್ಲಗಳನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಹೊಸ ಪಿತ್ತಾಮ್ಲ ತಯಾರಿಸಲು ಯಕೃತ್ತು ಕೊಲೆಸ್ಟ್ರಾಲನ್ನೇ ಬಳಸಬೇಕಾಗುತ್ತದೆ. ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ ಇಳಿಯುವುದು ಹೀಗೆ. ತೂಕ ಇಳಿಯುವುದು ಅಲ್ಪ.

ಮಲಬದ್ಧತೆಗೆಂದು ರಾತ್ರಿ ಮಲಗುವಾಗ ತೆಗೆದುಕೊಳ್ಳುವ ರೂಢಿ ಇಲ್ಲಿ ಹೊಂದುವುದಿಲ್ಲ. ಪಿತ್ತರಸ ಹೆಚ್ಚಾಗಿ ಕರುಳಿಗೆ ಇಳಿಯುವುದು ಊಟದ ಹೊತ್ತಿಗೆ, ಆದ್ದರಿಂದ ಹೊಟ್ಟೂ ಊಟದ ಜೊತೆಗೇ ಹೋಗಬೇಕು. ಮೊದಲ ವಾರ ದಿನಕ್ಕೊಂದು ಟೀ ಚಮಚ ಸಾಕು. ಹೊಟ್ಟೆ ಉಬ್ಬರಿಸದಿದ್ದರೆ ನಿಧಾನವಾಗಿ ದಿನಕ್ಕೆ 10 ಗ್ರಾಂವರೆಗೆ ಏರಿಸಿ, ಎರಡು ಊಟಕ್ಕೆ ಹಂಚಿಕೊಳ್ಳಿ. ಹೊಟ್ಟು ತೀರಾ ಹಗುರ, ಅಡುಗೆ ತಕ್ಕಡಿಯಲ್ಲಿ ಒಮ್ಮೆ ತೂಗಿ ನಿಮ್ಮ ಚಮಚದ ಅಳತೆ ತಿಳಿದುಕೊಳ್ಳಿ. ಪ್ರತಿ ಸಲ 250 ಮಿ.ಲೀ. ನೀರಿಗೆ ಹಾಕಿ ಕಲಕಿ ತಕ್ಷಣ ಕುಡಿಯಿರಿ. ತಡಮಾಡಿದರೆ ಗಂಜಿಯಂತೆ ಗಟ್ಟಿಯಾಗಿ ಗಂಟಲಿಳಿಯದು. ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ಒಣ ಹೊಟ್ಟನ್ನು ಬಾಯಿಗೆ ಸುರಿದುಕೊಳ್ಳಲೇಬೇಡಿ, ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು. ನುಂಗಲು ತೊಂದರೆ ಇರುವವರಿಗೆ, ಕರುಳು ಕಿರಿದಾಗಿರುವವರಿಗೆ ಇದು ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಇಲ್ಲವಾದರೆ ಲೋಳೆ ಔಷಧಿಯನ್ನೂ ಹಿಡಿದಿಟ್ಟುಕೊಳ್ಳಬಹುದು.

ಮೆಂತ್ಯದಲ್ಲೂ ಇಂಥದೇ ಲೋಳೆನಾರಿದೆ. ಒಂದು ಟೀ ಚಮಚ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ತಿಂಡಿಯ ಜೊತೆ ಅಗಿದು ತಿನ್ನಿ. ನೀರಷ್ಟೇ ಕುಡಿದು ಕಾಳು ಎಸೆಯುವವರು ನಾರಿನ ಬಹುಪಾಲನ್ನು ಎಸೆದಂತೆ. ಬೆವರು, ಮೂತ್ರಕ್ಕೆ ಮೆಂತ್ಯದ ವಾಸನೆ ಬಂದರೆ ಗಾಬರಿ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹೀಗೆ ನಿತ್ಯ ತಿನ್ನಬಾರದು.

‘ಗಾರ್ಸಿನಿಯಾ’ ಕ್ಯಾಪ್ಸೂಲುಗಳನ್ನು ಮಾತ್ರ ದೂರವಿಡಿ. ಅದು ನಮ್ಮ ಮಲೆನಾಡಿನ ಉಪ್ಪಾಗೆಯ ಸಿಪ್ಪೆಯ ಸಾರ; ಕೊಡಗಿನ ಕಾಚಂಪುಳಿಯೂ ಅದೇ ಹಣ್ಣಿನದು. ಅದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತಡೆಯುತ್ತದೆ ಎನ್ನುವುದು ದೇಹದೊಳಗೆ ಕೊಬ್ಬು ತಯಾರಾಗುವುದನ್ನು, ಕರುಳಿನ ಹೀರಿಕೆಯನ್ನಲ್ಲ. 1998ರಲ್ಲಿ ಪ್ರಕಟವಾದ 12 ವಾರಗಳ ಅಮೆರಿಕದ ಪ್ರಯೋಗದಲ್ಲಿ ಸಾರ ತಿಂದವರಿಗೂ ಹುಸಿಮಾತ್ರೆ ತಿಂದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಪೂರಕಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಉಪ್ಪಾಗೆಯನ್ನು ಅಡುಗೆಯಲ್ಲಿ ಹುಳಿಯಾಗಿ ಹಾಕುವುದಕ್ಕೆ ಈ ಅಂಜಿಕೆ ಬೇಕಿಲ್ಲ.

ಗ್ರೀನ್ ಟೀ ಲೋಟದಲ್ಲಿ ಕುಡಿದರೆ ಚೆನ್ನು. ಅದರ ಗಟ್ಟಿಸಾರದ ಮಾತ್ರೆಯಲ್ಲಿ ಇಜಿಸಿಜಿ ಎಂಬ ಮುಖ್ಯ ಅಂಶದ ಪ್ರಮಾಣ ದಿನಕ್ಕೆ 800 ಮಿ.ಗ್ರಾಂ. ಮುಟ್ಟಿದರೆ ಯಕೃತ್ತಿಗೆ ಹಾನಿಯ ಸೂಚನೆಗಳಿವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಯಾವುದೇ ಸಾರದ ಮಾತ್ರೆ ತಿನ್ನುವಾಗ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಿ, ಡಬ್ಬಿ ಸಮೇತ ವೈದ್ಯರ ಬಳಿ ಹೋಗಿ.