ಮೊದಲು ಹೊಟ್ಟೆ ಮುಟ್ಟಿ ನೋಡಿ: ಹೊಸ ಡಾಕ್ಟರುಗಳಿಗೆ ಪ್ಯಾಲಿಯೇಟಿವ್ ಕೇರ್ ಕಲಿಸಿದ ನನ್ನ ಅನುಭವ

ಪ್ಯಾಲಿಯೇಟಿವ್ ಕೇರ್ ಅಂದ್ರೆ ಗಂಭೀರ ಕಾಯಿಲೆ ಇರುವವರ ನೋವು, ತೊಂದರೆ ಕಡಿಮೆ ಮಾಡೋ ಆರೈಕೆ. ಆದರೆ ಎಂಬಿಬಿಎಸ್ ಮುಗಿಸಿ ಬರುವ ಹುಡುಗರಲ್ಲಿ ಜಾಸ್ತಿ ಜನರಿಗೆ ಅದು ಅಂದ್ರೆ "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅನ್ನೋದೇ. ದಾವಣಗೆರೆಯಲ್ಲಿ ನಾನು ಇದನ್ನು ಕಲಿಸಲು ಶುರು ಮಾಡಿದಾಗ, ಮೊದಲು ಮಾತಾಡೋದು ಕಲಿಸಿ ಅಂತ ಹಿರಿಯರು ಹೇಳಿದ್ದರು. ಕೆಟ್ಟ ಸುದ್ದಿ ತಿಳಿಸಲು ಸ್ಪೈಕ್ಸ್ ಅನ್ನೋ ಆರು ಹಂತಗಳ ಕ್ರಮ ಇದೆ, ಸ್ಲೈಡ್‌ಗಳೂ ರೆಡಿ ಸಿಗುತ್ತವೆ. ನಾನು ಮಾತ್ರ ಮಲಬದ್ಧತೆಯಿಂದ ಶುರು ಮಾಡುತ್ತೇನೆ.

ನಗಬೇಡಿ. ಹಾಸಿಗೆ ಹಿಡಿದವರಿಗೆ ಭೇದಿ ಅಂತ ಮನೆಯವರು ಹೇಳಿದ ಕೂಡಲೇ ಹೊಸ ಡಾಕ್ಟರ್ ಭೇದಿ ನಿಲ್ಲಿಸುವ ಲೋಪೆರಮೈಡ್ ಬರೆಯುತ್ತಾರೆ. ಹೊಟ್ಟೆ ಮುಟ್ಟಿ, ಗ್ಲೌಸ್ ಹಾಕಿ ಗುದದಲ್ಲಿ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ, ಒಳಗೆ ಗಟ್ಟಿ ಮಲ ಕಟ್ಟಿಕೊಂಡಿದೆ, ಅದರ ಪಕ್ಕದಿಂದ ನೀರು ಸೋರುತ್ತಿದೆ ಅಷ್ಟೇ. ಎನಿಮಾ ಕೊಟ್ಟು, ಬೇಕಾದರೆ ಕೈಯಿಂದಲೇ ತೆಗೆದ ಮೇಲೆ, ಅಲ್ಲಿವರೆಗೂ ಗೋಡೆ ಕಡೆ ಮುಖ ಮಾಡಿ ಮಲಗಿದ್ದವರು ಇತ್ತ ತಿರುಗಿ "ಎರಡು ತುತ್ತು ಅನ್ನ ಹಾಕ್ರಿ" ಅನ್ನೋದನ್ನು ಹುಡುಗರು ಕಣ್ಣಾರೆ ನೋಡಬೇಕು. ತಮ್ಮ ಕೈಯಿಂದ ಏನೋ ಆಗುತ್ತದೆ ಅಂತ ಗೊತ್ತಾದ ಡಾಕ್ಟರ್ ಮಾತ್ರ ಆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಉಳಿದವರು ಬಾಗಿಲ ಹತ್ತಿರವೇ ನಿಂತು ಫೈಲ್ ತಿರುವಿ ಹಾಕುತ್ತಾರೆ.

ಆಮೇಲೆ ಗಾಯ. ತಂಬಾಕು, ಗುಟ್ಕಾ ಹಾಕಿ ಬಾಯಿ ಕ್ಯಾನ್ಸರ್ ಬಂದವರನ್ನು ನಮ್ಮ ಕಡೆ ತುಂಬಾ ನೋಡುತ್ತೇವೆ. ಕೆನ್ನೆ ತೂತಾಗಿ ವಾಸನೆ ಬರುತ್ತಿದ್ದರೆ ಮೊಮ್ಮಕ್ಕಳೂ ಹತ್ತಿರ ಬರಲ್ಲ. ಮೆಟ್ರೋನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ಗಾಯಕ್ಕೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ತೊಳೆಯೋಕೆ ಸಲೈನ್ ಬಾಟಲಿಯೇ ಬೇಕಂತಿಲ್ಲ, ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ಹುಳ ಬಿದ್ದಿದ್ದರೆ ಟರ್ಪೆಂಟೈನ್ ಅದ್ದಿದ ಗಾಜ್ ಗಾಯದ ಬಾಯಿಗೆ ಹಿಡಿದು, ಹೊರಗೆ ಬಂದವನ್ನು ಫೋರ್ಸೆಪ್ಸ್‌ನಲ್ಲಿ ತೆಗೆಯಬೇಕು. ಇದನ್ನು ನಾನೇ ಮಾಡಿ ತೋರಿಸುತ್ತೇನೆ, ಸಿಸ್ಟರ್‌ಗೆ ಹೇಳಿ ಹೊರಟುಬಿಡಲ್ಲ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯಕ್ಕೆ ಹೆಚ್ಚು ಸಮಯ ಬೇಕು, ಯಾಕಂದ್ರೆ ಭಯ ಪುಸ್ತಕದಿಂದಲೇ ಬಂದಿರುತ್ತದೆ. ಉಸಿರು ನಿಲ್ಲುತ್ತೆ ಸರ್, ಚಟ ಹತ್ತುತ್ತೆ ಸರ್. ಬಾಯಿಂದ ಸಣ್ಣ ಡೋಸ್‌ನಲ್ಲಿ ಶುರು ಮಾಡಿ ನೋವಿಗೆ ತಕ್ಕಂತೆ ಮೆಲ್ಲಗೆ ಏರಿಸಿದರೆ, ಉಸಿರಿಗೆ ತೊಂದರೆ ಆಗೋ ಮೊದಲು ತೂಕಡಿಕೆ ಜಾಸ್ತಿ ಆಗುತ್ತದೆ, ಅದನ್ನು ಗಮನಿಸಿ ಅನ್ನುತ್ತೇನೆ. ನಾಲ್ಕು ಗಂಟೆಗೊಮ್ಮೆ ಕೊಡಬೇಕು, ನೋವು ಬಂದಾಗ ಮಾತ್ರ ಅಂತ ಬರೆಯಬಾರದು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದು ಎರಡು ಪಟ್ಟು, ನಡುರಾತ್ರಿ ಎಬ್ಬಿಸೋದು ತಪ್ಪುತ್ತದೆ. ಕಿಡ್ನಿ ಕೆಟ್ಟಿದ್ದರೆ ಡೋಸ್ ಇಳಿಸಿ, ಅಂತರ ಹೆಚ್ಚಿಸಬೇಕು. ವಾಕರಿಕೆ ಕೆಲವು ದಿನಗಳಲ್ಲಿ ಹೋಗುತ್ತದೆ, ಮಲಬದ್ಧತೆ ಹೋಗಲ್ಲ. ಹಾಗಾಗಿ ಮಾರ್ಫಿನ್ ಬರೆದ ಚೀಟಿಯಲ್ಲಿ ಮಲ ಹೋಗಲು ಕೊಡುವ ಬಿಸಕೋಡಿಲ್ ಇಲ್ಲದಿದ್ದರೆ ನಾನು ಸಹಿ ಹಾಕಲ್ಲ. (ಮೊದಲ ಪಾಠ ಯಾಕೆ ಅಂತ ಇಲ್ಲಿ ಅರ್ಥ ಆಗುತ್ತೆ ಅವರಿಗೆ.)

ಮಾತಿನ ಪಾಠ ಕೊನೆಗೆ, ಅದೂ ಮನೆಯಲ್ಲೇ. ಚನ್ನಗಿರಿ ಕಡೆ ಒಬ್ಬ ಅಜ್ಜನ ಮನೆಗೆ ಹೋದಾಗ ಮಗ ಹೊಸ್ತಿಲಲ್ಲೇ ತಡೆದು "ಅಪ್ಪಾಜಿಗೆ ಏನೂ ಹೇಳ್ಬ್ಯಾಡ್ರಿ ಸರ" ಅಂದರು. ಇದು ಎಲ್ಲ ಮನೆಯಲ್ಲೂ ಇದ್ದದ್ದೇ. ಆ ಮಗನ ಜೊತೆ ವಾದ ಮಾಡಬೇಡಿ, ಹೇಳಿದರೆ ಏನಾಗಬಹುದು ಅಂತ ಭಯ ಇದೆ ಅಂತ ಕೇಳಿ ಎಂದು ಹುಡುಗರಿಗೆ ಮೊದಲೇ ಹೇಳಿರುತ್ತೇನೆ. ಒಳಗೆ ಅಜ್ಜ ನೇರವಾಗಿ ಕೇಳಿದರು, "ಅಡಿಕೆ ಕೊಯ್ಲು ನೋಡ್ತೀನೇನಪ್ಪ?" ನನ್ನ ಜೊತೆ ಬಂದಿದ್ದ ಹುಡುಗಿ "ಏನೂ ಆಗಲ್ಲ ಅಜ್ಜಾ" ಅನ್ನಲಿಲ್ಲ. ಸ್ವಲ್ಪ ಸುಮ್ನೆ ಇದ್ದು, "ಕೊಯ್ಲಿನ ಹೊತ್ತಿಗೆ ಏನು ಕೆಲಸ ಇಟ್ಕೊಂಡಿದೀರಿ?" ಅಂದಳು. ಸಾಲ, ಇಬ್ಬರು ಮಕ್ಕಳ ನಡುವೆ ಹಿಸ್ಸೆ, ಎಲ್ಲ ಹೊರಗೆ ಬಂತು. ಅದನ್ನೆಲ್ಲ ಬೇಗ ಮುಗಿಸಿಕೊಳ್ಳೋದು ಒಳ್ಳೇದು ಅಂತ ಅವಳು ಹೇಳಿದಳು, ಅಜ್ಜ ತಲೆಯಾಡಿಸಿದರು. ಮಗನೂ ಅಲ್ಲೇ ನಿಂತಿದ್ದ. ಇದಕ್ಕಿಂತ ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ ಬಿಡಿ.

ಇನ್ನೂ ಬಗೆಹರಿಯದ ಸಂಗತಿ ಔಷಧಿಯದು. ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಹಲವು ಲೈಸೆನ್ಸ್‌ಗಳ ಓಡಾಟ ತಪ್ಪಿದೆ, ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಮಾನ್ಯತೆ ಒಂದಿದ್ದರೆ ಆಸ್ಪತ್ರೆ ಮಾರ್ಫಿನ್ ಇಡಬಹುದು. ಆದರೂ ಕೇಳಿಕೊಂಡು ಅರ್ಜಿ ಹಾಕುವವರು ಬೇಕಲ್ವಾ. ಜಗಳೂರು, ಮೊಳಕಾಲ್ಮುರು ಕಡೆ ಪೋಸ್ಟಿಂಗ್ ಆದ ಹುಡುಗರು ಫೋನ್ ಮಾಡಿ, ಬರೆಯೋದು ಗೊತ್ತು ಸರ್, ಸ್ಟಾಕ್ ಎಲ್ಲಿದೆ ಅಂತ ಕೇಳುತ್ತಾರೆ. ಅದಕ್ಕೇ ಈಗ ಟ್ರೇನಿಂಗ್‌ನ ಕೊನೆಯಲ್ಲಿ ಆ ಅರ್ಜಿ ತುಂಬೋದು, ಸ್ಟಾಕ್ ರಿಜಿಸ್ಟರ್ ಬರೆಯೋದು ಎರಡನ್ನೂ ಕೂರಿಸಿ ಕಲಿಸುತ್ತಿದ್ದೇನೆ. ಆಕಳಿಸುತ್ತಾರೆ, ಆದರೂ ಬಿಡಲ್ಲ.