ಉಬುಂಟುಲಿ ಜೋಸಮ್ ಹಾಕೋರಿಗೆ

ಜೋಸಮ್ (JOSM) ಅಂದ್ರೆ ಎಲ್ರೂ ಸೇರಿ ಮಾಡೋ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಎಡಿಟ್ ಮಾಡೋ ಸಾಫ್ಟ್‌ವೇರ್. ಅದ್ರಲ್ಲಿ ದಾವಣಗೆರೆ ಮ್ಯಾಪ್ ಎಡಿಟ್ ಮಾಡೋಕೆ ಲಿನಕ್ಸ್‌ಗೆ ಹೊಸದಾಗಿ ಬಂದೋರು ಆಪ್ಟ್‌ನಲ್ಲಿ (ಉಬುಂಟುಲಿ ಸಾಫ್ಟ್‌ವೇರ್ ಹಾಕೋ ಕಮಾಂಡ್) ಸಿಗೋ ಜೋಸಮ್ ಹಾಕ್ಬೇಡಿ, ಅದು ಸಾಮಾನ್ಯವಾಗಿ ಹಳೇ ವರ್ಷನ್ ಇರುತ್ತೆ, ಮೊದ್ಲು ಜಾವಾ 17 ಹಾಕ್ಕೊಂಡು ಜೋಸಮ್ ಸೈಟಿಂದ ಟೆಸ್ಟೆಡ್ ಜಾರ್ ಫೈಲ್ ಇಳಿಸ್ಕೊಳ್ಳಿ, ಟರ್ಮಿನಲ್‌ನಲ್ಲಿ ಜಾವಾ ಅಂತ ಹೊಡೆದು ಸ್ಪೇಸ್, ಹೈಫನ್ ಜಾರ್, ಆಮೇಲೆ ಫೈಲ್ ಹೆಸ್ರು ಕೊಟ್ರೆ (java -jar josm-tested.jar) ಓಪನ್ ಆಗುತ್ತೆ.

ರ‍್ಯಾಮ್ 4 ಜಿಬಿನೇ ಇದ್ರೆ ಇಡೀ ಊರು ಡೌನ್‌ಲೋಡ್ ಬೇಡ. ನಾನು ಕುಂದವಾಡ ಕೆರೆ ಸುತ್ತ ಅಷ್ಟೇ ಚೌಕ ಎಳೆದು ತಗೊಂಡೆ, ಆರಾಮಾಗಿ ಓಡ್ತು.

ಕನ್ನಡ ಹೆಸ್ರೆಲ್ಲ ಬರೀ ಡಬ್ಬಿ ಡಬ್ಬಿ ಕಂಡ್ರೆ ಗಾಬರಿ ಆಗ್ಬೇಡಿ, ಫಾಂಟ್ ಇಲ್ಲ ಅಂತ ಅರ್ಥ, ಫಾಂಟ್ಸ್-ಕೆಎನ್‌ಡಿಎ (fonts-knda) ಪ್ಯಾಕೇಜ್ ಹಾಕಿ ಜೋಸಮ್ ಮುಚ್ಚಿ ತೆಗೀರಿ. ಇನ್ನೊಂದು, ಸ್ಯಾಟಲೈಟ್ ಫೋಟೋ ಕೆಲವು ಕಡೆ ಸ್ವಲ್ಪ ಜರುಗಿರುತ್ತೆ, ಜಿಪಿಎಸ್ ಟ್ರೇಸ್‌ಗೆ (ಓಡಾಡಿದ ದಾರಿಯ ಜಿಪಿಎಸ್ ದಾಖಲೆ) ಹೊಂದಿಸಿ ಆಫ್‌ಸೆಟ್ (ಫೋಟೋ ಜರುಗಿರೋ ಅಂತರ) ಸರಿ ಮಾಡ್ಕೊಂಡೇ ರಸ್ತೆ ಎಳೀರಿ, ದಯವಿಟ್ಟು.