ಚಳಿಗೆ ಒಣಗಿದ ಮರಕ್ಕೆ ಜೀವ ಇದ್ಯಾ? ಕಡಿಸೋ ಮುಂಚೆ ಹೀಗೆ ನೋಡಿ

ಟೆಕ್ಸಾಸಲ್ಲಿ ಹಿತ್ತಲಲ್ಲಿ ಕರಿಬೇವು, ನಿಂಬೆ, ಅಂಜೂರ, ನುಗ್ಗೆ ಅಂತ ಆಸೆಪಟ್ಟು ಬೆಳೆಸ್ಕೊಂಡಿರೋ ಕನ್ನಡದವರಿಗೆ 2021ರ ಫೆಬ್ರವರಿ ಮರೆಯಕ್ಕೇ ಆಗಲ್ಲ. 16ನೇ ತಾರೀಖು ಡಲ್ಲಾಸ್ ಏರ್‌ಪೋರ್ಟಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಅಂದ್ರೆ ಸೆಲ್ಸಿಯಸ್ಸಲ್ಲಿ ಹತ್ತತ್ರ ಮೈನಸ್ 19. ಹಿಮ ಕರಗಿದ ಮೇಲೆ ಎಲೆಯೆಲ್ಲ ಸುಟ್ಟಂಗೆ ಕಂದಾಗಿದ್ದು ನೋಡಿ ಎಷ್ಟೋ ಜನ ಗಾಬರಿಬಿದ್ದು ಮರಾನ ಬುಡಕ್ಕೇ ಕಡಿಸಿಬಿಟ್ರು, ಅದು ನೆನೆಸ್ಕೊಂಡ್ರೆ ನಂಗೆ ಈಗ್ಲೂ ಸಂಕಟ ಆಗತ್ತೆ, ಯಾಕಂದ್ರೆ ಆ ವರ್ಷ ಬೋಳಾಗಿ ನಿಂತಿದ್ದ ಲೈವ್ ಓಕ್ (ಸಾಮಾನ್ಯವಾಗಿ ಚಳಿಗಾಲದಲ್ಲೂ ಹಸಿರಾಗಿರೋ ಮರ) ಮರಗಳೇ ಎಷ್ಟೋ ತಡವಾಗಿ ಚಿಗುರಿ ಮತ್ತೆ ತುಂಬ್ಕೊಂಡ್ವು.

ಎಲೆ ಉದುರಿದ ಮಾತ್ರಕ್ಕೆ ಮರ ಹೋಯ್ತು ಅನ್ಕೋಬೇಡಿ. ಚಳಿ ಮೊದಲು ತಿನ್ನೋದು ತೆಳ್ಳಗಿರೋ ತುದಿ ಕಡ್ಡಿಗಳನ್ನ, ಆಮೇಲೆ ದಪ್ಪ ಕೊಂಬೆ, ಕೊನೆಗೆ ಕಾಂಡ. ಮಣ್ಣು ಒಂದಿಷ್ಟು ಬಿಸಿ ಹಿಡಿದಿಟ್ಕೊಂಡಿರತ್ತಲ್ಲ, ಹಂಗಾಗಿ ಬೇರು ಉಳಿದಿರೋ ಚಾನ್ಸ್ ಜಾಸ್ತಿ. ಎಲ್ಲೀವರೆಗೆ ಸತ್ತಿದೆ, ಎಲ್ಲಿಂದ ಜೀವ ಇದೆ ಅಂತ ಆ ಗೆರೆ ಹುಡುಕೋದೇ ನಮ್ಮ ಕೆಲಸ.

ಚಳಿ ಹೋದ ತಕ್ಷಣ ನೋಡಕ್ಕೆ ಹೋಗ್ಬೇಡಿ, ಡ್ಯಾಮೇಜ್ ಪೂರ್ತಿ ಕಾಣಿಸ್ಕೊಳಕ್ಕೆ ಒಂದೆರಡು ವಾರವಾದ್ರೂ ಬೇಕು. ಆಮೇಲೆ ಒಂದು ತುದಿ ಕಡ್ಡಿ ಹಿಡಿದು ಮೆತ್ತಗೆ ಬಗ್ಗಿಸಿ. ಬಾಗಿದ್ರೆ ಒಳ್ಳೇದು, ಲಟ್ ಅಂತ ಮುರಿದು ಒಳಗೆ ಒಣಗಿದ್ರೆ ಆ ಕಡ್ಡಿ ಹೋಗಿದೆ, ಬರೀ ಆ ಕಡ್ಡಿ.

ಈಗ ಉಗುರಲ್ಲೋ ಸಣ್ಣ ಚಾಕುನಲ್ಲೋ ತೊಗಟೆನ ಚೂರೇ ಚೂರು ಕೆರೀರಿ. ತೊಗಟೆ ಕೆಳಗಡೆ ಕ್ಯಾಂಬಿಯಂ ಅಂತ ತೆಳ್ಳಗಿನ ಪದರ ಇರತ್ತೆ, ಮರ ದಪ್ಪ ಆಗೋದು ಅದರಿಂದಾನೇ. ಆ ಜಾಗ ಹಸಿರಾಗಿ ತೇವವಾಗಿದ್ರೆ ಜೀವ ಇದೆ, ಕಂದಾಗಿ ಒಣಗಿದ್ರೆ ಅಲ್ಲಿ ಸತ್ತಿದೆ. ತುದಿಯಲ್ಲಿ ಹಸಿರು ಸಿಗ್ಲಿಲ್ಲ ಅಂದ್ರೆ ಒಂದು ಗೇಣು ಕೆಳಗೆ ಬನ್ನಿ, ಅಲ್ಲೂ ಇಲ್ವಾ, ಇನ್ನೂ ಕೆಳಗೆ, ಹಿಂಗೇ ಕಾಂಡದ ಬುಡದ ತನಕ ನೋಡಿ. ಒಂದೇ ಕೊಂಬೆ ನೋಡಿ ತೀರ್ಮಾನ ಮಾಡ್ಬೇಡಿ, ಗಾಳಿ ಹೊಡೆದ ಕಡೆ ಸತ್ತು ಗೋಡೆ ಕಡೆ ಬದುಕಿರೋದು ತುಂಬಾ ಸಾಮಾನ್ಯ. ಕೆರೆಯೋದು ಚಿಕ್ಕದಾಗಿರ್ಲಿ, ಕಾಂಡದ ಸುತ್ತ ಉಂಗುರದ ಥರ ಮಾತ್ರ ಸುಲೀಬೇಡಿ, ಹಂಗೆ ಮಾಡಿದ್ರೆ ಬದುಕಿದ್ದ ಮರಾನೂ ಸಾಯತ್ತೆ. ಆ ಗಾಯಕ್ಕೆ ಪೇಂಟ್ ಗೀಂಟ್ ಏನೂ ಬೇಡ.

ನಿಂಬೆ, ಕಿತ್ತಳೆ ಇಟ್ಟವರು ಇದೊಂದನ್ನ ಗಮನ ಕೊಟ್ಟು ಓದಿ. ನರ್ಸರಿಯಿಂದ ತಂದ ಗಿಡ ಬಹುತೇಕ ಕಸಿ ಮಾಡಿದ್ದಿರತ್ತೆ, ಬುಡದ ಹತ್ರ ಕಾಂಡದಲ್ಲಿ ಸ್ವಲ್ಪ ಉಬ್ಬಿದ ಇಲ್ಲಾ ಸೊಟ್ಟಗಿರೋ ಜಾಗ ಕಾಣತ್ತೆ. ಅದಕ್ಕಿಂತ ಮೇಲೆ ಹಸಿರು ಸಿಕ್ರೆ ನಿಮ್ಮ ಗಿಡ ಉಳೀತು. ಕೆಳಗಿನಿಂದ ಮಾತ್ರ ಚಿಗುರು ಬಂದ್ರೆ ಅದು ನಿಮ್ಮ ನಿಂಬೆ ಅಲ್ಲ, ಬೇರಿಗೆ ಅಂತ ಬಳಸಿದ ಬೇರೆ ಜಾತಿ. ಬೇರಿಗೆ ಹೆಚ್ಚಾಗಿ ಟ್ರೈಫೋಲಿಯೇಟ್ ಆರೆಂಜ್ ಅನ್ನೋ ಕಿತ್ತಳೆ ಜಾತಿಯ ಗಿಡ ಬಳಸ್ತಾರೆ, ಒಂದೊಂದು ಎಲೆಯೂ ಮೂರು ಭಾಗ, ಉದ್ದುದ್ದ ಮುಳ್ಳು, ಹಣ್ಣು ಬಾಯಿಗಿಡಕ್ಕಾಗಲ್ಲ. ಸೊಂಪಾಗಿ ಬೆಳೀತಿದೆ ಅಂತ ವರ್ಷಗಟ್ಟಲೆ ನೀರು ಹಾಕಿ ಕಾಯೋ ಬದಲು ಅದನ್ನ ಕಿತ್ತು ಹೊಸ ಗಿಡ ಇಡೋದೇ ವಾಸಿ.

ಅಂಜೂರ, ದಾಳಿಂಬೆ ಸಾಮಾನ್ಯವಾಗಿ ಕಡ್ಡಿ ನೆಟ್ಟು ಬೆಳೆಸಿದ್ದು, ಕರಿಬೇವು ಬೀಜದ್ದು ಇಲ್ಲಾ ಬೇರಿನ ಮರಿ, ಹಂಗಾಗಿ ಇವುಗಳಲ್ಲಿ ನೆಲದಿಂದ ಬರೋ ಚಿಗುರು ಅದೇ ಗಿಡದ್ದು. ಮೇಲೆಲ್ಲ ಸತ್ರೂ ಬುಡ ಅಗೀಬೇಡಿ. ನುಗ್ಗೇನೂ ಬೇರು ಉಳಿದಿದ್ರೆ ಮಣ್ಣು ಚೆನ್ನಾಗಿ ಬಿಸಿಯಾದ ಮೇಲೆ ಎದ್ದು ಬರತ್ತೆ.

ಕತ್ತರಿ ಮಾತ್ರ ಈಗಲೇ ಎತ್ತಬೇಡಿ. ಬೇಗ ಕತ್ತರಿಸಿದ್ರೆ ಎಳೇ ಚಿಗುರು ಹೊರಡತ್ತೆ, ಮಾರ್ಚಲ್ಲಿ ಇನ್ನೊಂದು ಸಲ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟೋ ಚಳಿ) ಬಿದ್ರೆ ಅದೂ ಹೋಗತ್ತೆ. ಪೆಕಾನ್ ಕಾಯಿ ಮರ, ಕ್ರೇಪ್ ಮರ್ಟಲ್ ಅನ್ನೋ ಹೂವಿನ ಮರ ಚಿಗುರೋದೇ ಲೇಟು, ಪಕ್ಕದ ಮನೆ ಮರ ಹಸಿರಾಯ್ತು ನಮ್ದಿನ್ನೂ ಆಗಿಲ್ಲ ಅಂತ ಚಿಂತೆ ಮಾಡೋ ಮುಂಚೆ ಎರಡೂ ಒಂದೇ ಜಾತಿನಾ ನೋಡ್ಕೊಳ್ಳಿ. ಮೇ ಮುಗಿಯೋ ತನಕ ಕಾಯಿರಿ, ಅಲ್ಲೀವರೆಗೆ ಮಣ್ಣು ಒಣಗಿದ್ರೆ ಮಾತ್ರ ನೀರು, ಗೊಬ್ಬರ ಬೇಡವೇ ಬೇಡ. ಆಮೇಲೆ ಹಸಿರು ಸಿಗೋ ತನಕ ಒಣಗಿದ್ದನ್ನ ತೆಗೀರಿ. ಮನೆ ಮೇಲೋ ಜನ ಓಡಾಡೋ ಕಡೆನೋ ಬೀಳೋ ಹಂಗಿರೋ ಕೊಂಬೆ ಇದ್ರೆ ಅದಕ್ಕೆ ಕಾಯೋದು ಬೇಡ, ಕೆಲಸ ಗೊತ್ತಿರೋರನ್ನ ಕರೆಸಿ ತೆಗೆಸಿ.

ಚಿಗುರಿದ ಮೇಲೂ ಆ ಬೇಸಿಗೆ ಪೂರ್ತಿ ಕಣ್ಣಿಟ್ಟಿರಿ. ಕೆಲವು ಮರ ಒಳಗೆ ಕೂಡಿಟ್ಟ ಶಕ್ತಿಯಲ್ಲೇ ಎಲೆ ಬಿಡತ್ತೆ, ಆದ್ರೆ ಕಾಂಡದೊಳಗೆ ನೀರು ಮೇಲೆ ಹೋಗೋ ದಾರಿ ಕೆಟ್ಟಿದ್ರೆ ಜೂನ್ ಜುಲೈ ಬಿಸಿಲಿಗೆ ಇದ್ದಕ್ಕಿದ್ದಂಗೆ ಬಾಡತ್ತೆ. ಕಾಂಡದ ತೊಗಟೆ ಉದ್ದಕ್ಕೆ ಸೀಳಿರೋ ಮರ ಇದ್ರೆ ಅದನ್ನ ಸ್ವಲ್ಪ ಜಾಸ್ತಿನೇ ನೋಡ್ಕೊಳ್ಳಿ, ಬಿಸಿಲು ಜೋರಾದಾಗ ಬುಡಕ್ಕೆ ನಿಧಾನವಾಗಿ ಆಳಕ್ಕೆ ಇಳಿಯೋ ಹಂಗೆ ನೀರು ಕೊಡಿ.